ಸೊನ್ನೆಯಿಂದ ಭಾಗಿಸಿದಾಗ

ಶಿರಸಿಯ ಪೇಟೆಯಲ್ಲಿ ಅಡಕೆಯನ್ನು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ವಿಂಗಡಿಸಿ ಮಾರುವುದು ರೂಢಿ. ಮಾರಾಟದಿಂದ ಬಂದ ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದರೆ ಆಯಾ ಬಗೆಯ ಸರಾಸರಿ ದರ ದೊರೆಯುತ್ತದೆ. ಲೆಕ್ಕ ಸುಲಭವಾದುದೇ. ಆದರೆ ಮಳೆಗಾಲದ ಒಂದು ದಿನ ಕೋಕಾ ಅಡಕೆಯ ಒಂದು ಚೀಲವೂ ಪೇಟೆಗೆ ಬರಲಿಲ್ಲವೆಂದು ಇಟ್ಟುಕೊಂಡರೆ, ಹಣವೂ ಸೊನ್ನೆ, ತೂಕವೂ ಸೊನ್ನೆ. ಆ ದಿನದ ದರವೆಷ್ಟು? ಗುಮಾಸ್ತನು ಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆದು ಮುಂದಿನ ಸಾಲಿಗೆ ಹೋಗುತ್ತಾನೆ. ಗಣಕಯಂತ್ರಕ್ಕೆ ಅಷ್ಟು ವಿವೇಕ ತಾನಾಗಿ ಬರುವುದಿಲ್ಲ.

ಈ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಶಿರಸಿಯ ಬಳಿಯ ಬನವಾಸಿಯೂ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂಬುದು ಅವನ ಮತ. ಪಾಲು ಕೇಳುವವರೇ ಇಲ್ಲದಿದ್ದರೆ ರಾಶಿ ಇದ್ದಲ್ಲಿಯೇ ಇರುತ್ತದೆ ಎಂಬ ತರ್ಕ ಮೇಲುನೋಟಕ್ಕೆ ಒಪ್ಪುವಂತಹುದೇ. ಆದರೆ ಹನ್ನೆರಡನ್ನು ಸೊನ್ನೆಯಿಂದ ಭಾಗಿಸಿ ಹನ್ನೆರಡೇ ಬರುವುದಾದರೆ, ಆ ಹನ್ನೆರಡನ್ನು ಸೊನ್ನೆಯಿಂದ ಗುಣಿಸಿದಾಗ ಮತ್ತೆ ಹನ್ನೆರಡು ಬರಬೇಕು, ಬರುವುದು ಸೊನ್ನೆ. ಯಾವ ಸಂಖ್ಯೆಯನ್ನು ಇಟ್ಟು ನೋಡಿದರೂ ತಾಳೆಯಾಗದು. ಸೊನ್ನೆಯನ್ನೇ ಸೊನ್ನೆಯಿಂದ ಭಾಗಿಸಿದರೆ ತೊಡಕು ಬೇರೆ: ಅಲ್ಲಿ ಎಲ್ಲ ಸಂಖ್ಯೆಗಳೂ ತಾಳೆಯಾಗುತ್ತವೆ, ಆದ್ದರಿಂದ ಯಾವುದನ್ನೂ ಆರಿಸುವಂತಿಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಸೊನ್ನೆಯನ್ನು ಭಾಜಕವಾಗಿ ಉಳ್ಳ ರಾಶಿಯನ್ನು 'ಖಹರ'ವೆಂದು ಕರೆದು, ಅದನ್ನು ಅನಂತವೆಂದು ಬಗೆದನು.

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿ ರೂಪಿಸಿದ 'ಸಿ' ಭಾಷೆಯಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ವರ್ತನೆಗಳುಂಟು. ಪೂರ್ಣಾಂಕಗಳ ಭಾಗಾಕಾರದಲ್ಲಿ ಭಾಜಕ ಸೊನ್ನೆಯಾದರೆ ಮುಂದೇನಾಗುವುದೆಂಬುದನ್ನು ಸಿ ಭಾಷೆಯ ನಿಯಮಗಳು ಹೇಳುವುದೇ ಇಲ್ಲ. ಅನೇಕ ಯಂತ್ರಗಳಲ್ಲಿ ಲೆಕ್ಕ ಅಲ್ಲಿಗೇ ತಡೆಯಲ್ಪಟ್ಟು, 'ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್' ಎಂಬ ಸೂಚನೆಯೊಡನೆ ಕ್ರಮವಿಧಿ ನಿಂತುಹೋಗುತ್ತದೆ. ದೋಷ ನಡೆದದ್ದು ಪೂರ್ಣಾಂಕದಲ್ಲಿ, ಹೆಸರು ಮಾತ್ರ ದಶಾಂಶ ಬಿಂದುವಿನದು! ಹೀಗೆ ನಿಲ್ಲುವುದೂ ಕೆಲವೊಮ್ಮೆ ದುಬಾರಿಯಾಗುತ್ತದೆ. 1997ರಲ್ಲಿ ಅಮೆರಿಕದ ಯುದ್ಧನೌಕೆ 'ಯಾರ್ಕ್‌ಟೌನ್'ನ ಗಣಕಕ್ಕೆ ಉಣಿಸಿದ ಒಂದು ಸೊನ್ನೆ ಭಾಜಕವಾಗಿ ಪರಿಣಮಿಸಿತು. ಗಣಕಜಾಲ ಕುಸಿದು, ನೌಕೆ ಎರಡು ಗಂಟೆಗೂ ಹೆಚ್ಚು ಕಾಲ ನಡುನೀರಿನಲ್ಲಿ ಚಲನೆಯಿಲ್ಲದೆ ನಿಂತಿತು.

ಬಿಂದುವಿನ ಸ್ಥಾನವನ್ನು ಬೇಕಾದಂತೆ ಸರಿಸಿ ಬರೆಯುವ ಸಂಖ್ಯೆಗಳಿಗೆ 'ಫ್ಲೋಟಿಂಗ್ ಪಾಯಿಂಟ್' ಸಂಖ್ಯೆಗಳೆಂದು ಹೆಸರು. ಇವುಗಳಿಗಾಗಿ 1985ರಲ್ಲಿ ಜಾರಿಗೆ ಬಂದ ಮಾನಕದಲ್ಲಿ ವಿಲಿಯಂ ಕಹಾನ್ ಎಂಬ ಗಣಿತಜ್ಞನ ಪಾತ್ರ ಹಿರಿದು. ಈ ಮಾನಕದಂತೆ ಹನ್ನೆರಡನ್ನು ಸೊನ್ನೆಯಿಂದ ಭಾಗಿಸಿದರೆ ಉತ್ತರ 'ಅನಂತ', ಭಾಸ್ಕರಾಚಾರ್ಯನಿದ್ದಿದ್ದರೆ ಸಂತೋಷಪಡುತ್ತಿದ್ದನೇನೋ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಬರುವುದು 'ನ್ಯಾನ್', ಎಂದರೆ 'ಸಂಖ್ಯೆಯಲ್ಲ'. ಯಂತ್ರ ನಿಲ್ಲುವುದಿಲ್ಲ, ಒಳಗೆ ಒಂದು ಪುಟ್ಟ ಬಾವುಟವನ್ನು ಏರಿಸಿ ಲೆಕ್ಕವನ್ನು ಮುಂದುವರಿಸುತ್ತದೆ. ಇಂತಹ ಬಾವುಟಗಳು ಐದು. ಒಮ್ಮೆ ಏರಿದ ಬಾವುಟ, ಇಳಿಸುವವರೆಗೂ ಏರಿಯೇ ಇರುತ್ತದೆ. 1999ರ ಸಿ ನಿಯಮಾವಳಿಯು ಬಾವುಟ ಏರಿದೆಯೇ ಎಂದು ಕೇಳಲು 'ಫೆಟೆಸ್ಟ್‌ಎಕ್ಸೆಪ್ಟ್', ಅದನ್ನು ಇಳಿಸಲು 'ಫೆಕ್ಲಿಯರ್‌ಎಕ್ಸೆಪ್ಟ್' ಎಂಬ ಸಾಧನಗಳನ್ನು ಒದಗಿಸಿತು. ಆದರೆ ಕೇಳದ ಹೊರತು ಯಂತ್ರ ತಾನಾಗಿ ಹೇಳದು. ನ್ಯಾನ್ ಸೇರಿದ ಮೊತ್ತವೆಲ್ಲ ನ್ಯಾನ್ ಆಗುತ್ತದೆ. ಕೋಕಾ ಅಡಕೆಯ ಒಂದು ದಿನದ ಲೆಕ್ಕ ವರ್ಷದ ಲೆಕ್ಕವನ್ನೆಲ್ಲ ಕೆಡಿಸಬಲ್ಲದು.

ಇದಕ್ಕೆ ಹೆದರಿ ಕೆಲವರು ಭಾಜಕ ಸೊನ್ನೆಯಾದಾಗ ಉತ್ತರವೂ ಸೊನ್ನೆ ಎಂದು ಬರೆದುಬಿಡುತ್ತಾರೆ. ಕ್ರಮವಿಧಿ ನಿಲ್ಲುವುದಿಲ್ಲ, ನ್ಯಾನ್ ಕಾಣುವುದಿಲ್ಲ. ಆದರೆ ಇದೇ ಎಲ್ಲಕ್ಕಿಂತ ಕೆಟ್ಟ ಉಪಾಯ. ನಾಲ್ಕು ದಿನ ಕ್ವಿಂಟಲಿಗೆ 30,000 ರೂಪಾಯಿಯಂತೆ ಮಾರಾಟವಾಗಿ, ಐದನೆಯ ದಿನ ಸರಕೇ ಬಾರದೆ ದರ 'ಸೊನ್ನೆ' ಎಂದು ದಾಖಲಾದರೆ, ಐದು ದಿನಗಳ ದರಗಳ ಸರಾಸರಿ 24,000ಕ್ಕೆ ಇಳಿಯುತ್ತದೆ. ಪೇಟೆಯಲ್ಲಿ ಬೆಲೆ ಒಂದು ಪೈಸೆಯೂ ಇಳಿದಿಲ್ಲ. ಆದರೂ ಆ ಅಂಕಿಯನ್ನು ನಂಬಿದ ಸಿದ್ದಾಪುರದ ಅಥವಾ ಯಲ್ಲಾಪುರದ ಬೆಳೆಗಾರನು ಬೆಲೆ ಕುಸಿಯುತ್ತಿದೆಯೆಂದು ಬೆದರಿ, ಮನೆಯಲ್ಲಿದ್ದ ಅಡಕೆಯನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡಬಹುದು.

ಬಲ್ಲವರು ಭಾಗಿಸುವುದಕ್ಕೆ ಮೊದಲೇ ತೂಕ ಸೊನ್ನೆಯೇ ಎಂದು ಪರೀಕ್ಷಿಸುವ ಒಂದು ಸಾಲನ್ನು ಕ್ರಮವಿಧಿಯಲ್ಲಿ ಸೇರಿಸುತ್ತಾರೆ. ಸೊನ್ನೆಯಾದರೆ ಭಾಗಾಕಾರವೇ ನಡೆಯುವುದಿಲ್ಲ. ದರದ ಜಾಗದಲ್ಲಿ 'ಸರಕು ಬಂದಿಲ್ಲ' ಎಂದು ಅಚ್ಚಾಗುತ್ತದೆ. ಸರಾಸರಿ ತೆಗೆಯುವಾಗ ಆ ದಿನವನ್ನು ಎಣಿಕೆಯಿಂದ ಬಿಡಲಾಗುತ್ತದೆ. ಲೆಕ್ಕವೆಲ್ಲ ಮುಗಿದ ಮೇಲೆ ಬಾವುಟಗಳನ್ನು ಇನ್ನೊಮ್ಮೆ ವಿಚಾರಿಸಿ, ಸೊನ್ನೆಯಿಂದ ಭಾಗಿಸಿದ್ದನ್ನು ಸೂಚಿಸುವ ಬಾವುಟಗಳು ಏರಿಲ್ಲವೆಂದು ಖಚಿತವಾದ ಬಳಿಕವೇ ದರಪಟ್ಟಿ ಹೊರಬೀಳುತ್ತದೆ. ಆಗ ನಾಲ್ಕು ದಿನಗಳ ಸರಾಸರಿ 30,000 ರೂಪಾಯಿಯೆಂದೇ ಇರುತ್ತದೆ. ಐದನೆಯ ದಿನದ ಎದುರಿಗೆ, ಗುಮಾಸ್ತನ ಪುಸ್ತಕದಲ್ಲಿದ್ದಂತೆ, ಒಂದು ಅಡ್ಡಗೆರೆ.