ಅಜಿನೊಮೊಟೊ, ಪ್ಲಾಸ್ಟಿಕ್, ಮೇಣ: ಹಾಸನದಲ್ಲಿ ನೂಡಲ್ಸ್ ತಿನ್ನುವ ಮುನ್ನ ನಿಜವಾಗಿ ನೋಡಬೇಕಾದ್ದೇನು?

"ಹಾಸನದಲ್ಲಿ ಒಳ್ಳೆ ನೂಡಲ್ಸ್ ಎಲ್ಲಿ ಸಿಗುತ್ತೆ?" ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ತಂಗಿಯೊಬ್ಬಳು ಕೇಳಿದ ಪ್ರಶ್ನೆ ಇಷ್ಟೆ. ಉತ್ತರವಾಗಿ ಒಂದು ಅಂಗಡಿಯ ಹೆಸರೂ ಬರಲಿಲ್ಲ. ಬಂದದ್ದು ಮೂರು ಫಾರ್ವರ್ಡ್‌ಗಳು.

ಹೊಳೆನರಸೀಪುರದ ದೊಡ್ಡಮ್ಮ ಕಳಿಸಿದ ವಿಡಿಯೊದಲ್ಲಿ ನೂಡಲ್ಸ್ ಎಳೆಗೆ ಬೆಂಕಿ ಹಚ್ಚಿ "ನೋಡಿ, ಪ್ಲಾಸ್ಟಿಕ್" ಎನ್ನುತ್ತಾರೆ. ಅರಕಲಗೂಡಿನ ಮಾವ ಕಳಿಸಿದ್ದು ಅಜಿನೊಮೊಟೊ ಮಿದುಳನ್ನೇ ತಿನ್ನುತ್ತದೆ ಎಂಬ ಸಂದೇಶ. ಚನ್ನರಾಯಪಟ್ಟಣದಿಂದ ಬಂದ ಮೂರನೆಯದರಲ್ಲಿ, ಎಳೆಗಳು ಅಂಟದಿರಲೆಂದು ಮೇಣ ಹಚ್ಚುತ್ತಾರೆ, ಅದು ಹೊಟ್ಟೆಯಿಂದ ಹೋಗಲು ನಾಲ್ಕು ದಿನ ಬೇಕು ಎಂದಿತ್ತು.

ಅದೇ ಗ್ರೂಪಿನ ನನ್ನ ಚಿಕ್ಕಮ್ಮನ ಮಗ ಹಾಸನಾಂಬೆ ದರ್ಶನಕ್ಕೆಂದು ಊರಿಗೆ ಬಂದಿದ್ದಾಗ ರಾತ್ರಿ ಗಾಡಿಯೊಂದರಲ್ಲಿ ನೂಡಲ್ಸ್ ತಿಂದ. ಮೂರು ಗಂಟೆಯೊಳಗೆ ವಾಂತಿ ಶುರುವಾಗಿ, ಬೆಳಗಿನ ಜಾವ ಡ್ರಿಪ್ ಹಾಕಿಸಬೇಕಾಯಿತು. ಮನೆಯವರೆಲ್ಲ ಅಜಿನೊಮೊಟೊವನ್ನು ಬೈದರು. ಡಾಕ್ಟರ್ ಮಾತ್ರ ಬೇರೆಯದೇ ಕೇಳಿದರು: "ಆ ನೂಡಲ್ಸ್ ಬೇಯಿಸಿಟ್ಟು ಎಷ್ಟು ಹೊತ್ತಾಗಿತ್ತು?"

ಯಾವ ಫಾರ್ವರ್ಡ್‌ನಲ್ಲೂ ಇಲ್ಲದ ಪ್ರಶ್ನೆ ಅದು. ಈ ಲೇಖನ ಅದರ ಬಗ್ಗೆ.

ಚುಟುಕಾಗಿ ಹೇಳುವುದಾದರೆ

- ನೂಡಲ್ಸ್‌ನಲ್ಲಿ ಪ್ಲಾಸ್ಟಿಕ್, ಮೇಣ: ಸುಳ್ಳು.
- ಅಜಿನೊಮೊಟೊ ವಿಷ: ಸುಳ್ಳು. ಆದರೆ ಉಪ್ಪಿನ ಅಂಶದ ಬಗ್ಗೆ ಎಚ್ಚರ ಬೇಕು.
- ಗೋಬಿಗೆ ಹಾಕುವ ಕೆಂಪು ಬಣ್ಣ ಅಪಾಯ: ನಿಜ.
- ಬೇಯಿಸಿ ಗಂಟೆಗಟ್ಟಲೆ ಹೊರಗಿಟ್ಟ ನೂಡಲ್ಸ್, ಅನ್ನ ಅಪಾಯ: ನಿಜ. ಇದರ ಬಗ್ಗೆಯೇ ಮಾತು ಕಡಿಮೆ.

ನೂಡಲ್ಸ್ ಪ್ಲಾಸ್ಟಿಕ್‌ನಂತೆ ಉರಿಯುವುದು ಯಾಕೆ?

ನೂಡಲ್ಸ್ ಎಂದರೆ ಮೈದಾ ಮತ್ತು ಎಣ್ಣೆ. ಪಿಷ್ಟ ಮತ್ತು ಎಣ್ಣೆ ಎರಡೂ ಉರಿಯುವ ವಸ್ತುಗಳೇ. ಒಣಗಿದ ಹಪ್ಪಳಕ್ಕೆ ಕಡ್ಡಿ ಗೀರಿದರೂ ಹತ್ತಿಕೊಳ್ಳುತ್ತದೆ. ಮೈದಾದಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಪ್ರೋಟೀನ್ ಸುಟ್ಟಾಗ ಕೂದಲು ಸುಟ್ಟಂಥ ವಾಸನೆ ಬರುತ್ತದೆ. ವಿಡಿಯೊ ಮಾಡಿದವರು ಅದನ್ನೇ ಪ್ಲಾಸ್ಟಿಕ್ ವಾಸನೆ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕಾಣುವ ಪ್ಲಾಸ್ಟಿಕ್ ಸುಟ್ಟರೆ ಕರಗಿ ತೊಟ್ಟಿಕ್ಕುತ್ತದೆ. ನೂಡಲ್ಸ್ ಕರಗುವುದಿಲ್ಲ, ಕರಿಯಾಗಿ ಬೂದಿಯಾಗುತ್ತದೆ.

"ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ" ಎನ್ನುವುದಕ್ಕೂ ಗ್ಲುಟೆನ್ ಕಾರಣ. ಹೋಳಿಗೆಗೆ ಕಣಕ ಕಲಸಿ ನೆನೆಯಲು ಬಿಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಳೆದಷ್ಟೂ ಬರುವ ಆ ಗುಣವೇ ನೂಡಲ್ಸನ್ನು ಎಳೆಯಾಗಿ ಹಿಡಿದಿಡುವುದು.

ಮೇಣದ ಕಥೆ ಎಲ್ಲಿಂದ ಬಂತು?

ಇನ್‌ಸ್ಟಂಟ್ ನೂಡಲ್ಸನ್ನು ಜಪಾನಿನ ಮೊಮೊಫುಕು ಆಂಡೊ 1958ರಲ್ಲಿ ಮಾರುಕಟ್ಟೆಗೆ ತಂದರು. ಬೆಂದ ಎಳೆಗಳನ್ನು ಬಿಸಿ ಎಣ್ಣೆಯಲ್ಲಿ ಕರಿದರೆ ನೀರಿನಂಶ ಹಾರಿಹೋಗಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಮತ್ತೆ ಬಿಸಿನೀರು ಹಾಕಿದಾಗ ನೀರು ಆ ರಂಧ್ರಗಳಲ್ಲಿ ನುಗ್ಗುವುದರಿಂದಲೇ ಎರಡು ಮೂರು ನಿಮಿಷದಲ್ಲಿ ಬೇಯುವುದು. ಅದರ ಮೇಲಿನ ಹೊಳಪು ಎಣ್ಣೆಯದು. ಕುದಿಸಿದಾಗ ಬರುವ ಬಿಳಿ ಗಂಜಿ ಪಿಷ್ಟದ್ದು, ಅನ್ನ ಬಸಿದಾಗ ಬರುವಂಥದ್ದೇ. ಮೇಣದ ಅಗತ್ಯ ಎಲ್ಲೂ ಇಲ್ಲ.

ಗಾಡಿಗಳಲ್ಲಿ ಹೆಚ್ಚಾಗಿ ಬಳಸುವುದು ಹಕ್ಕಾ ನೂಡಲ್ಸ್. ಅದನ್ನು ಬೇಯಿಸಿ, ಬಸಿದು, ಅಂಟದಿರಲೆಂದು ಎಣ್ಣೆ ಸವರಿ ಇಟ್ಟಿರುತ್ತಾರೆ.

ಅಜಿನೊಮೊಟೊ ನಿಜಕ್ಕೂ ವಿಷವೇ?

ಅಜಿನೊಮೊಟೊ ಎನ್ನುವುದು ಕಂಪನಿಯ ಹೆಸರು. ವಸ್ತುವಿನ ಹೆಸರು ಮೋನೊಸೋಡಿಯಂ ಗ್ಲುಟಮೇಟ್. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡ ಕೊಂಬು ಎಂಬ ಕಡಲ ಪಾಚಿಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣ ಎಂದು ಕಂಡುಹಿಡಿದರು. ಇದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲೂ ಇದೆ, ತಾಯಿಯ ಎದೆಹಾಲಿನಲ್ಲೂ ಇದೆ. ದೇಹಕ್ಕೆ ಟೊಮೆಟೊದಿಂದ ಬಂದದ್ದು, ಡಬ್ಬಿಯಿಂದ ಬಂದದ್ದು ಎಂಬ ಭೇದ ಗೊತ್ತಾಗುವುದಿಲ್ಲ.

ಹೆದರಿಕೆ ಶುರುವಾದದ್ದು 1968ರಲ್ಲಿ. ಚೈನೀಸ್ ಹೋಟೆಲಿನಲ್ಲಿ ಉಂಡ ಮೇಲೆ ಕತ್ತು ಮರಗಟ್ಟುತ್ತದೆ, ಎದೆ ಬಡಿದುಕೊಳ್ಳುತ್ತದೆ ಎಂದು ಅಮೆರಿಕದ ವೈದ್ಯರೊಬ್ಬರು ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಅದು ಸಂಶೋಧನೆಯಲ್ಲ, ಒಂದು ಪತ್ರ ಅಷ್ಟೆ. ಕಾರಣ ಏನಿರಬಹುದು ಎಂದು ಅವರು ಊಹಿಸಿದವುಗಳಲ್ಲಿ ಇದೂ ಒಂದು. ಆಮೇಲೆ, ಯಾರಿಗೆ ಏನು ಕೊಟ್ಟಿದೆ ಎಂದು ತಿಳಿಯದಂತೆ ಮಾಡಿದ ಪರೀಕ್ಷೆಗಳಲ್ಲಿ ಅಂಥ ಲಕ್ಷಣಗಳು ಪ್ರತಿಸಲ ಒಂದೇ ರೀತಿ ಕಾಣಿಸಲಿಲ್ಲ. ಊಟವಿಲ್ಲದೆ ಒಮ್ಮೆಗೇ 3 ಗ್ರಾಂ ಅಥವಾ ಹೆಚ್ಚು ಸೇವಿಸಿದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವಿನಂಥ ತೊಂದರೆ ಆಗಬಹುದು ಎನ್ನುತ್ತದೆ ಅಮೆರಿಕದ ಎಫ್‌ಡಿಎ. ಒಂದು ಪ್ಲೇಟಿನಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ.

ಹಾಗಂತ ಚಮಚಗಟ್ಟಲೆ ಸುರಿಯಬಹುದು ಎಂದಲ್ಲ. ಇದರಲ್ಲಿ ಸುಮಾರು 12% ಸೋಡಿಯಂ ಇದೆ. ಅಡುಗೆ ಉಪ್ಪಿನಲ್ಲಿ ಸುಮಾರು 39%. ಜೊತೆಗೆ ಸೋಯಾ ಸಾಸ್, ಮಸಾಲೆ ಪುಡಿ ಸೇರಿದರೆ ಉಪ್ಪು ಏರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆಯಲ್ಲಿ ಬಿಪಿ ಇರುವವರು ಲೆಕ್ಕ ಇಡಬೇಕಾದ್ದು ಇದನ್ನು.

ಪ್ಯಾಕೆಟ್ ನೂಡಲ್ಸ್ ಹೆಸರೆತ್ತಿದರೆ 2015ರ ಮ್ಯಾಗಿ ಪ್ರಕರಣ ನೆನಪಾಗುತ್ತದೆ. ಸೀಸದ ಅಂಶ ಹೆಚ್ಚಿದೆ ಎಂದು ಜೂನ್‌ನಲ್ಲಿ ದೇಶದಾದ್ಯಂತ ನಿಷೇಧವಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶ ರದ್ದು ಮಾಡಿ ಮರುಪರೀಕ್ಷೆಗೆ ಹೇಳಿತು. ಪರೀಕ್ಷೆಯಲ್ಲಿ ಮಿತಿಯೊಳಗೇ ಇದೆ ಎಂದು ಬಂದ ಮೇಲೆ ನವೆಂಬರ್‌ನಲ್ಲಿ ಮತ್ತೆ ಅಂಗಡಿಗೆ ಬಂತು. ಹಳೆಯ ನಿಷೇಧದ ಸುದ್ದಿ ಹೊಸದೆಂಬಂತೆ ಬಂದರೆ ಮೊದಲು ವರ್ಷ ನೋಡಿ.

ಹಾಗಾದರೆ ಕೆಂಪು ಬಣ್ಣ?

ಇಲ್ಲಿ ಫಾರ್ವರ್ಡ್‌ಗಳ ಹೆದರಿಕೆಗೆ ಆಧಾರವಿದೆ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯದಲ್ಲಿ ನಿಷೇಧಿಸಿರುವುದಾಗಿ ಪ್ರಕಟಿಸಿದರು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿತ್ತು. ಕಾಟನ್ ಕ್ಯಾಂಡಿಯಲ್ಲಿ ಬಟ್ಟೆಗೆ ಬಳಸುವ ರೋಡಮೈನ್-ಬಿ ಕೂಡ ಸಿಕ್ಕಿತು. ಅದೇ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ತಪ್ಪಿದರೆ ಜೈಲು ಶಿಕ್ಷೆ, 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು ಎಂದು ಸರ್ಕಾರ ಎಚ್ಚರಿಸಿತು.

ಗಮನಿಸಿ: ನಿಷೇಧವಾದದ್ದು ಬಣ್ಣ, ಗೋಬಿಯಲ್ಲ. ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿದರೂ ಕೆಂಪು ಬರುತ್ತದೆ, ಆದರೆ ಅದು ಇಟ್ಟಿಗೆಯಂಥ ಮಂಕು ಕೆಂಪು. ಪೇಪರ್ ತಟ್ಟೆಗೂ ಬೆರಳಿಗೂ ಗುಲಾಬಿಯೋ ಕಿತ್ತಳೆಯೋ ಆಗಿ ಹತ್ತಿ, ತೊಳೆದರೂ ಬಿಡದ ಬಣ್ಣವಾದರೆ ಅನುಮಾನಿಸಿ.

ಯಾರೂ ಹೇಳದ ಅಪಾಯ: ಬೋಗುಣಿಯಲ್ಲಿ ಕಾದ ನೂಡಲ್ಸ್

ಈಗ ಡಾಕ್ಟರ್ ಕೇಳಿದ ಪ್ರಶ್ನೆಗೆ ಬರೋಣ. ಅಕ್ಕಿ, ಗೋಧಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಿಂದ ಸಹಜವಾಗಿ ಬಂದಿರುತ್ತವೆ. ಕುದಿಸಿದರೂ ಇವು ಸಾಯುವುದಿಲ್ಲ. ಬೆಂದ ಅನ್ನ, ನೂಡಲ್ಸ್ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು ಬೆಳೆಯುತ್ತವೆ, ವಿಷ ಬಿಡುತ್ತವೆ. ಆ ವಿಷ ಶಾಖಕ್ಕೆ ಜಗ್ಗುವುದಿಲ್ಲ. ದೊಡ್ಡ ಉರಿಯಲ್ಲಿ ಬಾಣಲೆ ಹಾರಿಸಿ ಹುರಿದರೂ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ.

ಬಹುತೇಕರಿಗೆ ಒಂದು ದಿನದಲ್ಲಿ ವಾಸಿಯಾಗುತ್ತದೆ. ಆದರೆ 2008ರಲ್ಲಿ ಬೆಲ್ಜಿಯಂನ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗಿಟ್ಟಿದ್ದ ಸ್ಪಗೆಟ್ಟಿಯನ್ನು ಬಿಸಿ ಮಾಡಿ ತಿಂದು ಪ್ರಾಣ ಕಳೆದುಕೊಂಡದ್ದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇರುವುದೇ ಅಪಾಯದ ವಲಯ. ನಮ್ಮ ಹಾಸನದ ಸಂಜೆ ತಂಪು, ನಿಜ. ಬ್ಯಾಕ್ಟೀರಿಯಾಕ್ಕೆ ಅದು ತಂಪಲ್ಲ. ಮಧ್ಯಾಹ್ನ ಬೇಯಿಸಿ ಬೋಗುಣಿಯಲ್ಲಿ ರಾಶಿ ಹಾಕಿದ್ದು ರಾತ್ರಿ ಹತ್ತಕ್ಕೆ ತಟ್ಟೆಗೆ ಬಂದರೆ ಏಳೆಂಟು ಗಂಟೆ ಆ ವಲಯದಲ್ಲೇ ಇತ್ತು ಎಂದರ್ಥ. ನನ್ನ ತಮ್ಮನಿಗೆ ಆದದ್ದು ಇದೇ ಎಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲಿಲ್ಲ. ಆದರೆ ಮೂರು ಗಂಟೆಯ ಲೆಕ್ಕ ಇದಕ್ಕೆ ಹೊಂದುತ್ತದೆ, ಅಜಿನೊಮೊಟೊಗಲ್ಲ.

ಇದು ಗಾಡಿಯವರ ಮೇಲಿನ ದೂರಲ್ಲ. ರಾತ್ರಿಯ ಅನ್ನವನ್ನು ಒಲೆಕಟ್ಟೆಯ ಮೇಲೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ನಮ್ಮ ಮನೆಗಳಿಗೂ ಇದೇ ನಿಯಮ. ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಅಗಲವಾದ ತಟ್ಟೆಯಲ್ಲಿ ಆರಿಸಿ ಫ್ರಿಜ್‌ಗೆ ಇಡಿ.

ಹಾಗಾದರೆ ಎಲ್ಲಿ ತಿನ್ನೋದು?

ಅಂಗಡಿಗಳ ಪಟ್ಟಿ ಕೊಡುವುದಿಲ್ಲ. ಇವತ್ತು ಚೆನ್ನಾಗಿರುವ ಗಾಡಿಯಲ್ಲಿ ನಾಳೆ ಮಾಸ್ಟರ್ ಬದಲಾಗಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲೇ ಆಗಲಿ, ಎರಡು ನಿಮಿಷ ನಿಂತು ಇವನ್ನು ನೋಡಿ:

1. ಕೇಳಿ: "ಅಣ್ಣ, ನೂಡಲ್ಸ್ ಎಷ್ಟೊತ್ತಿಗೆ ಬೇಯಿಸಿದ್ದು?" ಸ್ವಲ್ಪ ಸ್ವಲ್ಪವೇ ಬೇಯಿಸಿ ಖಾಲಿಯಾದ ಮೇಲೆ ಮತ್ತೆ ಬೇಯಿಸುವ ಕಡೆ ತಿನ್ನಿ.
2. ಹೊತ್ತು: ಸಂಜೆ ಶುರುವಾಗುವಾಗ, ಜನ ಹೆಚ್ಚಿರುವಾಗ ಹೋಗಿ. ಮುಚ್ಚುವ ಹೊತ್ತಿನ ಕೊನೆಯ ಪ್ಲೇಟ್ ಬೇಡ.
3. ಎಣ್ಣೆ: ಗೋಬಿ ಕರಿಯುವ ಎಣ್ಣೆ ಕಪ್ಪಾಗಿ, ನೊರೆ ಬಂದು, ಹೊಗೆಯಾಡುತ್ತಿದ್ದರೆ ಮುಂದೆ ನಡೆಯಿರಿ. ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು 25% ದಾಟಿದರೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ.
4. ಹಸಿ ಎಲೆಕೋಸು: "ಕೋಸಿನ ಹುಳು ಮಿದುಳಿಗೆ ಹೋಗುತ್ತದೆ" ಎಂಬುದು ಅರ್ಧ ನಿಜ. ಅದು ಕೋಸಿನಲ್ಲಿ ಕಾಣುವ ಹಸಿರು ಹುಳುವಲ್ಲ. ಕೊಳಕು ನೀರು, ಮಣ್ಣಿನಿಂದ ಯಾವ ಹಸಿ ತರಕಾರಿಗಾದರೂ ಹತ್ತಬಹುದಾದ ಲಾಡಿಹುಳುವಿನ ಮೊಟ್ಟೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಮೇಲೆ ಉದುರಿಸುವ ಹಸಿ ಕೋಸು ಬೇಡ ಎನ್ನಿ.
5. ನೋಂದಣಿ: ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಹಾಕಿದ್ದಾರೆಯೇ ನೋಡಿ. ದೂರಿದ್ದರೆ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಕೊಡಿ, ಗ್ರೂಪಿನಲ್ಲಲ್ಲ.

ತಿಂದು ವಾಂತಿಯಾದರೆ ಒಂದು ಪೂರ್ತಿ ಪ್ಯಾಕೆಟ್ ಓಆರ್‌ಎಸ್ಸನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಸಿ. ಮಗು, ವಯಸ್ಸಾದವರು, ಗರ್ಭಿಣಿಯಾದರೆ, ಮೂತ್ರ ಕಡಿಮೆಯಾದರೆ, ರಕ್ತ ಕಂಡರೆ, ಮಂಪರು ಬಂದರೆ, ಕುಡಿದದ್ದೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮದೇ ನೂಡಲ್ಸ್ ಒಂದಿದೆ

ಬಿಸಿಯಾಗಿ, ಕಣ್ಣೆದುರೇ ಆಗುವ, ಬಣ್ಣ ಬೇಡದ ನೂಡಲ್ಸ್ ನಮ್ಮ ಜಿಲ್ಲೆಯ ಮನೆಗಳಲ್ಲಿ ಮೊದಲಿನಿಂದಲೂ ಇದೆ: ಒತ್ತು ಶಾವಿಗೆ. ಕೇರಳದ ಇಡಿಯಪ್ಪಂ, ಮಲೇಷ್ಯಾದ ಪುಟು ಮಾಯಂ ಇದರ ನೆಂಟರು. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಆದ್ದರಿಂದ ಹಸಿ ಹಿಟ್ಟು ಎಳೆಯಾಗಿ ನಿಲ್ಲುವುದಿಲ್ಲ. ಅದಕ್ಕೇ ಮೊದಲು ಮುದ್ದೆಯಂತೆ ಬೇಯಿಸುವುದು. ಬೆಂದ ಪಿಷ್ಟ ಅಂಟಾಗಿ ಎಳೆಯನ್ನು ಹಿಡಿಯುತ್ತದೆ. ಆರಿದರೆ ಗಟ್ಟಿಯಾಗುವುದರಿಂದ ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಒಬ್ಬರು ಒತ್ತಬೇಕು, ಇನ್ನೊಬ್ಬರು ತಟ್ಟೆ ಹಿಡಿಯಬೇಕು. ಒತ್ತಿದ ಕೂಡಲೇ ಕಾಯಿಹಾಲು ಹಾಕಿಯೋ ಕೋಳಿ ಸಾರು ಹಾಕಿಯೋ ತಿನ್ನುತ್ತಾರೆ. "ಈಗ ಬೇಯಿಸಿದ್ದು, ಈಗಲೇ ತಿನ್ನು" ಎಂಬ ನಿಯಮ ಈ ಅಡುಗೆಯಲ್ಲೇ ಸೇರಿಕೊಂಡಿದೆ.

ತಂಗಿಯ ಪ್ರಶ್ನೆಗೆ ನಾನು ಗ್ರೂಪಿನಲ್ಲಿ ಕೊಟ್ಟ ಉತ್ತರವೂ ಅದೇ: ನಿನ್ನ ಕಣ್ಣೆದುರು ಬೇಯಿಸಿ ಕೊಡುವ ಕಡೆ ತಿನ್ನು. ದೊಡ್ಡಮ್ಮ ಸ್ವಲ್ಪ ಹೊತ್ತು ಬಿಟ್ಟು ಬರೆದರು: "ಹಂಗಾದ್ರೆ ಭಾನುವಾರ ಹೊಳೆನರಸೀಪುರಕ್ಕೆ ಬನ್ನಿ, ಶಾವಿಗೆ ಒತ್ತೋಕೆ ಒಬ್ಬರು ಬೇಕು."

ಬೆಂಕಿ ಹಚ್ಚಿದ ನೂಡಲ್ಸ್ ವಿಡಿಯೊ ನಿಮಗೂ ಬಂದಿರಬಹುದು. ಅದನ್ನು ಮುಂದಕ್ಕೆ ಕಳಿಸಿದರೆ ಯಾರ ಹೊಟ್ಟೆಯೂ ಉಳಿಯುವುದಿಲ್ಲ, ಗಾಡಿಯವರ ವ್ಯಾಪಾರ ಮಾತ್ರ ಕೆಡುತ್ತದೆ. ಕಳಿಸಲೇಬೇಕೆಂದರೆ "ಎಷ್ಟೊತ್ತಿಗೆ ಬೇಯಿಸಿದ್ದು?" ಎಂಬ ಪ್ರಶ್ನೆಯನ್ನು ಕಳಿಸಿ.