777 ಕೊಟ್ಟರೆ ಕೆಲಸ ಮುಗಿಯಿತೇ?

ಕಮಲಾಪುರದ ಕಡೆಯಿಂದ ಬಂದವರು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಆಧಾರ್, ಜಾತಿ–ಆದಾಯ ಪ್ರಮಾಣಪತ್ರ ಸ್ಕ್ಯಾನ್ ಮಾಡಿಸಿ, ಆನ್‌ಲೈನ್ ಅರ್ಜಿ ಹಾಕಿಸಿಕೊಂಡು ಊರಿಗೆ ಮರಳುತ್ತಾರೆ. ಆ ಸ್ಕ್ಯಾನ್ ಮಾತ್ರ ಯಾವುದೋ ಸರ್ವರಿನಲ್ಲಿ ಉಳಿಯುತ್ತದೆ. ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ನಿರ್ಧರಿಸುವುದು ಫೈಲ್ ಪರ್ಮಿಷನ್. ಅದರ ಸುತ್ತ ಇರುವ ತಪ್ಪು ಕಲ್ಪನೆಗಳು ಸಣ್ಣವಲ್ಲ.

ತಪ್ಪು ಕಲ್ಪನೆ: ಫೈರ್‌ವಾಲ್, ಗಟ್ಟಿ ಪಾಸ್‌ವರ್ಡ್ ಇದ್ದರೆ ಸಾಕು.
ಸತ್ಯ: ಅವು ಹೊರಗಿನವರನ್ನು ತಡೆಯಲು. ಜಾಲತಾಣದ ಹಳೆಯ ಪ್ಲಗಿನ್ ಒಂದರ ದೋಷದಿಂದ ಯಾರಾದರೂ ಒಳನುಗ್ಗಿದರೆ, ಮುಂದಿನ ಹಾನಿ ಎಷ್ಟೆಂಬುದು ಬಹುಮಟ್ಟಿಗೆ ಪರ್ಮಿಷನ್ ಮೇಲೆ ನಿಂತಿದೆ. ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲು ಎಲ್ಲರಿಗೂ ತೆರೆದಿದ್ದರೆ ಇಡೀ ಡೇಟಾಬೇಸೇ ಕೈತಪ್ಪಬಹುದು.

ತಪ್ಪು ಕಲ್ಪನೆ: ‘ಪರ್ಮಿಷನ್ ಡಿನೈಡ್’ ಬಂದರೆ 777 ಕೊಡುವುದೇ ಪರಿಹಾರ.
ಸತ್ಯ: ಲಿನಕ್ಸ್‌ನಲ್ಲಿ ಓದಲು 4, ಬರೆಯಲು 2, ಚಲಾಯಿಸಲು 1, ಕೂಡಿದರೆ 7. ಮೂರು ಅಂಕಿಗಳು ಕ್ರಮವಾಗಿ ಮಾಲೀಕ, ಗುಂಪು, ಉಳಿದವರಿಗೆ ಸೇರಿದವು. 777 ಎಂದರೆ ಆ ಸರ್ವರಿನ ಎಲ್ಲರಿಗೂ ಎಲ್ಲ ಅಧಿಕಾರ. ಎಷ್ಟೋ ಸಲ ದೋಷ ಇರುವುದು ಮಾಲೀಕತ್ವದಲ್ಲಿ: ಫೈಲು ಒಬ್ಬರ ಹೆಸರಿನಲ್ಲಿ, ವೆಬ್ ಸರ್ವರ್ ಓಡುವುದು ಇನ್ನೊಬ್ಬರ ಹೆಸರಿನಲ್ಲಿ. ಅದನ್ನು ಸರಿಪಡಿಸಿ. ಫೋಲ್ಡರಿಗೆ 755, ಸಾಮಾನ್ಯ ಫೈಲಿಗೆ 644, ಪಾಸ್‌ವರ್ಡ್ ಇರುವುದಕ್ಕೆ 640 ಅಥವಾ 600 ವಾಡಿಕೆ. ದೂರದಿಂದ ಸರ್ವರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಖಾಸಗಿ ಕೀಗೆ 644 ಕೊಟ್ಟು ನೋಡಿ: ‘ಪರ್ಮಿಷನ್ ತೀರಾ ತೆರೆದಿದೆ’ ಎಂದು ಎಚ್ಚರಿಸಿ, ಆ ಕೀಯನ್ನು ಅದು ಬಳಸುವುದೇ ಇಲ್ಲ.

ತಪ್ಪು ಕಲ್ಪನೆ: ಬರೀ ಓದಿದರೆ ನಷ್ಟವೇನು?
ಸತ್ಯ: ಹಿಂದೆ ಯುನಿಕ್ಸ್‌ನಲ್ಲಿ ಪಾಸ್‌ವರ್ಡ್‌ಗಳ ಗೂಢರೂಪ ಎಲ್ಲರೂ ಓದಬಹುದಾದ ಫೈಲಿನಲ್ಲೇ ಇರುತ್ತಿತ್ತು. ಅದನ್ನು ನಕಲಿಸಿಕೊಂಡು, ಊಹಿಸಿ ಬಿಡಿಸುವವರು ಹೆಚ್ಚಿದಾಗ, ಎಲ್ಲರೂ ಓದಲಾಗದ ‘ಶ್ಯಾಡೋ’ ಎಂಬ ಬೇರೆ ಫೈಲಿಗೆ ಸಾಗಿಸಬೇಕಾಯಿತು. ಪಾಸ್‌ವರ್ಡನ್ನಾದರೂ ಬದಲಿಸಬಹುದು, ಜನ್ಮದಿನಾಂಕ, ಜಾತಿ, ಬೆರಳಚ್ಚು ಬದಲಿಸಲಾಗದು.

ತಪ್ಪು ಕಲ್ಪನೆ: ಕ್ಲೌಡ್‌ನಲ್ಲಿಟ್ಟರೆ ಆ ಕಂಪನಿಯೇ ನೋಡಿಕೊಳ್ಳುತ್ತದೆ.
ಸತ್ಯ: ಯಂತ್ರಗಳ ರಕ್ಷಣೆ ಅವರದು, ದಾಖಲೆ ಯಾರಿಗೆ ತೆರೆದಿರಬೇಕು ಎಂಬ ತೀರ್ಮಾನ ಇಟ್ಟವರದು. ಭೀಮ್ ಪಾವತಿಯ ಪ್ರಚಾರಕ್ಕಾಗಿ ಸಾಮಾನ್ಯ ಸೇವಾ ಕೇಂದ್ರಗಳ ಸಂಸ್ಥೆ ಸಿಎಸ್‌ಸಿ ರೂಪಿಸಿದ್ದ ಜಾಲತಾಣದ ಅಮೆಜಾನ್ ಎಸ್3 ಸಂಗ್ರಹ ಸಾರ್ವಜನಿಕವಾಗಿ ತೆರೆದಿತ್ತೆಂದು 2020ರಲ್ಲಿ ವಿಪಿಎನ್‌ಮೆಂಟರ್ ಸಂಶೋಧಕರು ವರದಿ ಮಾಡಿದರು. ಅವರ ಲೆಕ್ಕದಲ್ಲಿ ಅದು 409 ಜಿಬಿ, ಸುಮಾರು 72 ಲಕ್ಷ ದಾಖಲೆ. ಆಧಾರ್ ಮತ್ತು ಜಾತಿ ಪ್ರಮಾಣಪತ್ರಗಳ ಸ್ಕ್ಯಾನ್ ಕೂಡ ಅದರಲ್ಲಿದ್ದವು. ಭೀಮ್ ಆ್ಯಪ್‌ನ ಡೇಟಾ ಸೋರಿಲ್ಲ ಎಂದು ಆ ಆ್ಯಪ್ ರೂಪಿಸಿದ ಎನ್‌ಪಿಸಿಐ ಸ್ಪಷ್ಟಪಡಿಸಿತು. ಸಂಗ್ರಹವನ್ನು ನಂತರ ಮುಚ್ಚಲಾಯಿತು.

ತಪ್ಪು ಕಲ್ಪನೆ: ನಮ್ಮಂಥ ಸಣ್ಣವರ ಸರ್ವರ್ ಯಾರಿಗೆ ಬೇಕು?
ಸತ್ಯ: ಹುಡುಕುವುದು ಮನುಷ್ಯರಲ್ಲ, ಸ್ವಯಂಚಾಲಿತ ಪ್ರೋಗ್ರಾಮ್‌ಗಳು; ಅವು ದೊಡ್ಡವರು, ಸಣ್ಣವರು ಎಂದು ನೋಡುವುದಿಲ್ಲ. ಕಾನೂನೂ ಬಿಗಿಯಾಗಿದೆ. ಡೇಟಾ ಸೋರಿಕೆಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ತನಗೆ ತಿಳಿಸಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ–ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ. ಸೂಕ್ತ ರಕ್ಷಣಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.

ಎರರ್ ಬಂದಾಗ 777 ಒತ್ತುವ ಮುನ್ನ ಇಷ್ಟು ಕೇಳಿಕೊಳ್ಳಿ: ಈ ಫೈಲನ್ನು ನಿಜವಾಗಿ ಯಾರು ಓದಬೇಕು, ಯಾರು ಬರೆಯಬೇಕು? ಉತ್ತರದಲ್ಲಿ ಬಂದವರಿಗೆ ಮಾತ್ರ ಪರ್ಮಿಷನ್ ಕೊಡಿ. ನಂಬಿ ಕಾಗದ ಕೊಟ್ಟವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಕರ್ತವ್ಯ ಅದು.