ವಿಮರ್ಶಕರಿಗೆ ಕೇಳಿಸದ ಗಿಟಾರ್

ಅದು 1965ನೇ ಇಸವಿ. ಇಂಗ್ಲೆಂಡಿನ ಕೈಗಾರಿಕಾ ನಗರ ಬರ್ಮಿಂಗ್‌ಹ್ಯಾಮ್. ತಗಡಿನ ಕಾರ್ಖಾನೆಯೊಂದರಲ್ಲಿ ಬೆಸುಗೆ ಕೆಲಸ ಮಾಡುತ್ತಿದ್ದ ಹದಿನೇಳರ ಹುಡುಗನಿಗೆ ಅಂದು ಕೆಲಸದ ಕೊನೆಯ ದಿನ. ವಾದ್ಯತಂಡವೊಂದರ ಜೊತೆ ಯುರೋಪ್ ಪ್ರವಾಸಕ್ಕೆ ಹೊರಡುವ ಸಂಭ್ರಮ. ಊಟಕ್ಕೆಂದು ಮನೆಗೆ ಬಂದವನು ಮತ್ತೆ ಕಾರ್ಖಾನೆಗೆ ಹೋಗಲೊಲ್ಲೆ ಎಂದ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬಾರದೆಂದು ತಾಯಿ ಬುದ್ಧಿ ಹೇಳಿ ಕಳಿಸಿದರು. ಅಂದು ಯಂತ್ರ ನಡೆಸುವವರು ಬಂದಿರಲಿಲ್ಲ. ಆ ಜಾಗದಲ್ಲಿ ಇವನನ್ನೇ ನಿಲ್ಲಿಸಿದರು. ಅಭ್ಯಾಸವಿಲ್ಲದ ಯಂತ್ರ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಬಿಟ್ಟಿತು.

ಹುಡುಗನ ಹೆಸರು ಟೋನಿ ಅಯೋಮಿ. ಆತ ಎಡಚ. ಗಿಟಾರಿನ ತಂತಿಗಳನ್ನು ಒತ್ತಬೇಕಾದದ್ದು ಆ ಬಲಗೈ ಬೆರಳುಗಳೇ! ಇನ್ನು ಗಿಟಾರ್ ಮರೆತುಬಿಡು ಎಂದರು ವೈದ್ಯರು.

ಹಾಸಿಗೆ ಹಿಡಿದು ಕೊರಗುತ್ತಿದ್ದ ಹುಡುಗನನ್ನು ನೋಡಲು ಕಾರ್ಖಾನೆಯ ಮೇಲ್ವಿಚಾರಕ ಒಂದು ಗ್ರಾಮಫೋನ್ ತಟ್ಟೆ ಹಿಡಿದು ಬಂದ. ಕೇಳಲು ಮನಸ್ಸಿಲ್ಲದಿದ್ದರೂ ಒತ್ತಾಯಕ್ಕೆ ಕೇಳಿದ ಅಯೋಮಿ ಬೆರಗಾದ. ನುಡಿಸಿದ್ದವನು ಜಾಂಗೋ ರೈನ್‌ಹಾರ್ಟ್. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಶಕ್ತಿ ಕಳೆದುಕೊಂಡು, ಉಳಿದ ಬೆರಳುಗಳಲ್ಲೇ ಸಾಧನೆ ಮಾಡಿದ ಜಾಝ್ ಕಲಾವಿದ!

ಅಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಸೀಸೆ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು. ಅದಕ್ಕೆ ಬ್ಯಾಂಜೋ ವಾದ್ಯದ ತೆಳು ತಂತಿಗಳನ್ನು ಬಳಸಿದ. ಮುಂದೆ ತಂತಿಗಳ ಶ್ರುತಿಯನ್ನೇ ಇಳಿಸಿದ. ಹಾಗೆ ಹುಟ್ಟಿದ ಮಂದ್ರ, ಗಡಸು ನಾದವೇ ‘ಹೆವಿ ಮೆಟಲ್’ ಸಂಗೀತಕ್ಕೆ ಬುನಾದಿಯಾಯಿತು.

2011ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅಯೋಮಿ ಇದನ್ನೆಲ್ಲ ನೆನೆದಿದ್ದಾರೆ. ಬಾಲ್ಯದಲ್ಲಿ ಅವರಿಗೆ ಅಚ್ಚುಮೆಚ್ಚಾಗಿದ್ದ ತಂಡ ‘ದಿ ಶ್ಯಾಡೋಸ್’. ಹಾಡಿಲ್ಲದೆ ಬರೀ ವಾದ್ಯದಿಂದಲೇ ಮನ ಸೆಳೆಯುತ್ತಿದ್ದ ತಂಡವದು. 1968ರಲ್ಲಿ ‘ಜೆಥ್ರೋ ಟಲ್’ ತಂಡದಲ್ಲಿ ಕಳೆದದ್ದು ಕೆಲವೇ ದಿನ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅಭ್ಯಾಸಕ್ಕೆ ಕೂರುವ ಶಿಸ್ತನ್ನು ಕಲಿತದ್ದು ಅಲ್ಲೇ.

ಆ ಶಿಸ್ತನ್ನು ತಮ್ಮ ಗೆಳೆಯರಿಗೂ ಕಲಿಸಿದರು. ಓಜಿ ಆಸ್ಬರ್ನ್, ಗೀಜರ್ ಬಟ್ಲರ್, ಬಿಲ್ ವಾರ್ಡ್ ಮತ್ತು ಅಯೋಮಿ – ಆಸ್ಟನ್ ಬಡಾವಣೆಯ ಈ ನಾಲ್ವರ ತಂಡವೇ ‘ಬ್ಲ್ಯಾಕ್ ಸಬಾತ್’. ಮೊದಲ ಆಲ್ಬಂ ಧ್ವನಿಮುದ್ರಣಕ್ಕೆ ಸಿಕ್ಕಿದ್ದು ಒಂದೇ ದಿನ! 1970ರ ಫೆಬ್ರುವರಿ 13ರಂದು ಅದು ಹೊರಬಂತು.

ವಿಮರ್ಶಕರು ಮುಗಿಬಿದ್ದರು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್, ಇದು ‘ಕ್ರೀಮ್’ ತಂಡದ ಕಳಪೆ ನಕಲು ಎಂಬರ್ಥದಲ್ಲಿ ಬರೆದರು. ಅವರ ಕೈಯಲ್ಲಿದ್ದದ್ದು ಹಳೆಯ ಅಳತೆಗೋಲು. ವೇಗದ, ಸೊಗಸಿನ ವಾದನವನ್ನು ಅಳೆಯುವ ಗೋಲಿನಿಂದ ಕಾರ್ಖಾನೆಯ ಸದ್ದಿನ ನಡುವೆ ಬೆಳೆದ ಈ ನಾದವನ್ನು ಅಳೆದರೆ ಹೇಗೆ? ತಂಡದ ಹೆಸರು ಕೇಳಿ ಇದು ಮಾಟಮಂತ್ರದ ಗುಂಪೆಂದು ಬೆಚ್ಚಿದವರೂ ಇದ್ದರು. ಅದೇ ತಂಡದ ‘ವಾರ್ ಪಿಗ್ಸ್’ ಯುದ್ಧವನ್ನು ಖಂಡಿಸುವ ಹಾಡು ಎಂಬುದು ಅವರ ಕಿವಿಗೆ ಬೀಳಲೇ ಇಲ್ಲ.

ಆದರೆ ಕೇಳುಗರಿಗೆ ಕೇಳಿಸಿತು. ಮೊದಲ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿತು. ಅದೇ ವರ್ಷ ಬಂದ ಎರಡನೆಯ ಆಲ್ಬಂ ‘ಪ್ಯಾರನಾಯ್ಡ್’ ಮೊದಲ ಸ್ಥಾನವನ್ನೇ ಹಿಡಿಯಿತು.

ವಿಮರ್ಶಕರ ಪರವಾಗಿಯೂ ಒಂದು ಮಾತು ಹೇಳಬೇಕು. ಬ್ಯಾಂಗ್ಸ್ ಹಟ ಹಿಡಿದು ಕೂರಲಿಲ್ಲ. 1972ರಲ್ಲಿ ಮತ್ತೊಂದು ಪತ್ರಿಕೆಯಲ್ಲಿ ಈ ತಂಡದ ಬಗ್ಗೆ ದೀರ್ಘವಾಗಿ ಬರೆದು, ಅದರ ಹಾಡುಗಳಲ್ಲಿ ನೈತಿಕ ಕಾಳಜಿಯನ್ನು ಗುರುತಿಸಿದರು. ತಪ್ಪಿದ ಮೇಲೆ ತಿರುಗಿ ಕೇಳುವುದೂ ವಿಮರ್ಶೆಯೇ. 2017ರಲ್ಲಿ ‘ರೋಲಿಂಗ್ ಸ್ಟೋನ್’ ನೂರು ಶ್ರೇಷ್ಠ ಮೆಟಲ್ ಆಲ್ಬಂಗಳನ್ನು ಆರಿಸಿದಾಗ ‘ಪ್ಯಾರನಾಯ್ಡ್’ಗೆ ಮೊದಲ ಸ್ಥಾನ ಸಿಕ್ಕಿತು. ಅಂದು ಹಳಿದಿದ್ದ ಮೊದಲ ಆಲ್ಬಂಗೆ ಐದನೆಯದು!

2025ರ ಜುಲೈ 5ರಂದು ನಾಲ್ವರೂ ತಮ್ಮ ಹುಟ್ಟೂರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಬಾರಿಗೆ ಒಟ್ಟಾಗಿ ನುಡಿಸಿದರು. ಅದಾದ ಹದಿನೇಳನೇ ದಿನ ಓಜಿ ತೀರಿಕೊಂಡರು.

ಮನೆಯಲ್ಲಿ ಮಗನೋ ಮಗಳೋ ಬಾಗಿಲು ಹಾಕಿಕೊಂಡು ಗಿಟಾರ್ ಮೀಟುತ್ತಿದ್ದರೆ ‘ಏನಿದು ಗಲಾಟೆ’ ಎನ್ನುವ ಮುನ್ನ ಒಂದು ಗಳಿಗೆ ಕಿವಿಗೊಡಿ. ನಾವೂ ಹಳೆಯ ಅಳತೆಗೋಲನ್ನೇ ಹಿಡಿದಿರಬಹುದು. ಮಕ್ಕಳೇ, ಒಬ್ಬರು ಕೊಟ್ಟ ತೀರ್ಪನ್ನೇ ಕೊನೆಯ ಮಾತೆಂದು ತಿಳಿಯಬೇಡಿ. ಆದರೆ ಬೆಳಗಿನ ಒಂಬತ್ತು ಗಂಟೆಯ ಅಭ್ಯಾಸವನ್ನು ಮಾತ್ರ ತಪ್ಪಿಸಬೇಡಿ!